ಗುಜರಿ ಡಬ್ಬಿಯ ಕಾಸುಗಳನ್ನು ಓದುವುದು ಹೇಗೆ?

ನಮ್ಮ ಅಬ್ಬಾನದು ಹಗರಿಬೊಮ್ಮನಹಳ್ಳಿಯಲ್ಲಿ ಸಣ್ಣ ಗುಜರಿ ಅಂಗಡಿ. ಕಬ್ಬಿಣ, ತಗಡು, ಹಳೇ ಪೇಪರು, ಒಡೆದ ಪ್ಲಾಸ್ಟಿಕ್ ಕೊಡ, ತಾಮ್ರ, ಹಿತ್ತಾಳೆ ಎಲ್ಲವೂ ಅಲ್ಲಿಗೆ ತೂಕದ ಲೆಕ್ಕದಲ್ಲಿ ಬರುತ್ತವೆ. ಹಳೇ ಮನೆ ಕೆಡವಿದವರು, ಅಜ್ಜಿ ತೀರಿಕೊಂಡ ಮೇಲೆ ಟ್ರಂಕು ಖಾಲಿ ಮಾಡಿದವರು ತಂದ ಸಾಮಾನಿನ ನಡುವೆ ಆಗಾಗ ನಾಣ್ಯಗಳೂ ಇರುತ್ತವೆ. ಅಬ್ಬಾ ಅವನ್ನು ಬೇರೆ ಎತ್ತಿ, ಒಂದು ಹಾಲಿನ ಪುಡಿ ಡಬ್ಬಿಯಲ್ಲಿ ಹಾಕಿ ಇಡುತ್ತಾರೆ. ಪ್ರಥಮ ಪಿಯುಸಿ ರಜೆಯಲ್ಲಿ ಆ ಡಬ್ಬಿ ನನ್ನ ಕೈಗೆ ಬಂತು. ಆಗಿನಿಂದ ನಾನು ಕಲಿತದ್ದರಲ್ಲಿ ಇತಿಹಾಸ ಓದುವ ಗೆಳೆಯರಿಗೆ ಉಪಯೋಗವಾಗುವಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ. ವಾಣಿಜ್ಯ ವಿಭಾಗದವರಿಗೂ ಇದರಲ್ಲಿ ಸ್ವಲ್ಪ ಲೆಕ್ಕ ಇದೆ.

ಮೊದಲು ನಮ್ಮ ನೆಲದ ವಿಷಯ. ನಮ್ಮ ತಾಲ್ಲೂಕುಗಳು ಎಷ್ಟು ಕೈ ಬದಲಾಯಿಸಿವೆ ಎಂಬುದನ್ನು ಪಠ್ಯಪುಸ್ತಕಕ್ಕಿಂತ ಈ ಡಬ್ಬಿ ಚೆನ್ನಾಗಿ ಹೇಳುತ್ತದೆ. ವಿಜಯನಗರದ ನಂತರ ಬಿಜಾಪುರ, ಮರಾಠರು, ಪಾಳೆಯಗಾರರು, ಹೈದರ್ ಮತ್ತು ಟಿಪ್ಪು, ಆಮೇಲೆ ನಿಜಾಮ. 1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಅಲ್ಲಿಂದ 1953ರವರೆಗೆ ನಾವು ಮದ್ರಾಸಿನವರು. ಆ ವರ್ಷ ಅಕ್ಟೋಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿದೆವು. ಈಗ ವಿಜಯನಗರ ಜಿಲ್ಲೆ. ತುಂಗಭದ್ರೆಯ ಆಚೆ ದಡದ ಆನೆಗೊಂದಿ, ಗಂಗಾವತಿ ಮಾತ್ರ 1948ರವರೆಗೂ ನಿಜಾಮನ ರಾಜ್ಯ. ಅಲ್ಲಿ ನಡೆಯುತ್ತಿದ್ದದ್ದು 'ಹಾಲಿ ಸಿಕ್ಕಾ' ರೂಪಾಯಿ. ಏಳು ಹಾಲಿ ಸಿಕ್ಕಾ ಕೊಟ್ಟರೆ ಆರು ಬ್ರಿಟಿಷ್ ರೂಪಾಯಿ. ಅಂದರೆ ಹೊಸಪೇಟೆ ಕಡೆಯವರು ಹರಿಗೋಲು ಹತ್ತಿ ಹೊಳೆ ದಾಟಿದರೆ ಸಾಕು, ಕಿಸೆಯ ದುಡ್ಡಿನ ಲೆಕ್ಕವೇ ಬೇರೆಯಾಗುತ್ತಿತ್ತು! ನನ್ನ ಡಬ್ಬಿಯಲ್ಲಿ ಚಾರ್‌ಮಿನಾರ್ ಚಿತ್ರದ ನಾಣ್ಯ ಒಂದಿದೆ. ಅದು ಹೊಳೆ ದಾಟಿ ಬಂದದ್ದೆಂದು ನಾನು ಅಂದುಕೊಂಡಿದ್ದೇನೆ.

ಇನ್ನು ಓದುವ ಬಗೆ. ನಾಣ್ಯ ಕೈಗೆ ಬಂದ ಕೂಡಲೇ ಹುಣಸೆಹಣ್ಣು, ನಿಂಬೆಹುಳಿ, ಬೂದಿ ಹಾಕಿ ಉಜ್ಜಬಾರದು. ದಾದಿ ಪಾತ್ರೆ ಬೆಳಗುವ ಹಾಗೆ ಬೆಳಗಿದರೆ ತಾಮ್ರ ಥಳಥಳ ಹೊಳೆಯುತ್ತದೆ, ಆದರೆ ಅಕ್ಷರದ ಅಂಚು ಸವೆದುಹೋಗುತ್ತದೆ. ಕಾಲಕಾಲಕ್ಕೆ ಕೂತ ಕಂದು ಪದರವೇ ತಾಮ್ರಕ್ಕೆ ರಕ್ಷಣೆ. ಮಣ್ಣಿದ್ದರೆ ಬರೀ ನೀರಲ್ಲಿ ನೆನೆಸಿ, ಬಿದಿರು ಕಡ್ಡಿಯಿಂದ ಮೆಲ್ಲಗೆ ಬಿಡಿಸಿ, ಒಣಗಿಸಿ, ಕಾಗದದ ಸಣ್ಣ ಲಕೋಟೆಯಲ್ಲಿ ಇಟ್ಟರೆ ಸಾಕು. ಮೆತ್ತನೆಯ ಪ್ಲಾಸ್ಟಿಕ್ ಚೀಲ ಬೇಡ, ಕೆಲವು ಜಾತಿಯ ಪ್ಲಾಸ್ಟಿಕ್ ತಾಮ್ರಕ್ಕೆ ಹಸಿರು ಹಿಡಿಸುತ್ತದೆ. ಲಕೋಟೆಯ ಮೇಲೆ ಲೋಹ, ತೂಕ, ಎರಡೂ ಮುಖದಲ್ಲಿ ಕಂಡದ್ದು, ಮುಖ್ಯವಾಗಿ ಎಲ್ಲಿಂದ ಬಂತು ಎಂಬುದನ್ನು ಬರೆಯಬೇಕು.

ನನಗೆ ಹೆಚ್ಚು ಖುಷಿ ಕೊಟ್ಟದ್ದು ಟಿಪ್ಪುವಿನ ಆನೆ ಕಾಸು. ದಪ್ಪ ತಾಮ್ರ, ಸುಮಾರು 11 ಗ್ರಾಂ ತೂಕ, ಒಂದು ಮುಖದಲ್ಲಿ ಆನೆ, ಇನ್ನೊಂದು ಮುಖದಲ್ಲಿ ಫಾರಸಿ ಬರಹ. ನಮ್ಮಲ್ಲಿ ಉರ್ದು ಅಕ್ಷರ ಬಲ್ಲವರಿಗೆ ಇದನ್ನು ಓದುವುದು ಕಷ್ಟವಲ್ಲ. 'ಜರ್ಬ್' ಎಂಬ ಪದ ಹುಡುಕಿ. ಹಾಗೆಂದರೆ ಅಚ್ಚು ಹಾಕಿದ್ದು ಎಂದರ್ಥ. ಅದರ ಜೊತೆಗಿರುವುದೇ ಟಂಕಸಾಲೆಯ ಊರು. 'ಪಟನ್' ಇದ್ದರೆ ಶ್ರೀರಂಗಪಟ್ಟಣ, 'ನಗರ್' ಇದ್ದರೆ ಬಿದನೂರು. ಕೆಲವು ಊರಿಗೆ ಅವನು ಹೊಸ ಹೆಸರನ್ನೇ ಇಟ್ಟಿದ್ದ. ನಮಗೆ ಹತ್ತಿರದ ಚಿತ್ರದುರ್ಗ ನಾಣ್ಯದ ಮೇಲೆ 'ಫರ್ರುಖ್‌ಯಾಬ್ ಹಿಸಾರ್', ಗುತ್ತಿ 'ಫೈಜ್ ಹಿಸಾರ್'. ಹಿಸಾರ್ ಎಂದರೆ ಕೋಟೆ.

ವರ್ಷ ಓದುವಾಗ ಒಂದು ಗಮ್ಮತ್ತಿದೆ. ಅರಬಿ, ಫಾರಸಿ ಅಕ್ಷರಗಳನ್ನು ಬಲದಿಂದ ಎಡಕ್ಕೆ ಬರೆದರೂ ಅಂಕಿಗಳನ್ನು ನಾವು ಬರೆಯುವ ಹಾಗೆ ಎಡದಿಂದ ಬಲಕ್ಕೇ ಬರೆಯುತ್ತಾರೆ. ಟಿಪ್ಪು ತನ್ನ ಆಳ್ವಿಕೆಯ ನಡುವೆ ಹಿಜರಿ ಬಿಟ್ಟು 'ಮೌಲೂದಿ' ಎಂಬ ಬೇರೆ ಶಕೆ ತಂದಾಗ ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. ಆದ್ದರಿಂದ ನಾಣ್ಯದಲ್ಲಿ 5121 ಎಂದು ಕಂಡರೆ ಅದು 1215. ಅದಕ್ಕೆ ಸುಮಾರು 572 ಕೂಡಿಸಿದರೆ 1787 ಸಿಗುತ್ತದೆ. ನನ್ನ ಬಳಿ ಇರುವ ಕಾಸಿನಲ್ಲಿ 4221 ಇದೆ. ಲೆಕ್ಕ ನೀವೇ ಮಾಡಿ ನೋಡಿ.

ನಾಣ್ಯಕ್ಕೆ ಅವನು ಇಟ್ಟ ಹೆಸರುಗಳೂ ಚೆನ್ನಾಗಿವೆ. ಬೆಳ್ಳಿ ರೂಪಾಯಿ 'ಇಮಾಮಿ', ಅದರ ಅರ್ಧ 'ಆಬಿದಿ', ಕಾಲು 'ಬಾಕಿರಿ', ಅದರರ್ಧ 'ಜಾಫರಿ'. ತಾಮ್ರದ ಕಾಸುಗಳಿಗೆ ಮಾತ್ರ ಆಕಾಶದ ಹೆಸರು: ಪೈಸೆಗೆ 'ಜೊಹ್ರಾ' ಅಂದರೆ ಶುಕ್ರ, ಅರ್ಧಕ್ಕೆ 'ಬಹ್ರಾಮ್' ಅಂದರೆ ಮಂಗಳ, ಕಾಲಿಗೆ 'ಅಖ್ತರ್' ಅಂದರೆ ನಕ್ಷತ್ರ, ಎಲ್ಲಕ್ಕಿಂತ ಚಿಕ್ಕದಕ್ಕೆ 'ಕುತ್ಬ್' ಅಂದರೆ ಧ್ರುವ ನಕ್ಷತ್ರ. ಸಂತೆಯಲ್ಲಿ ಉಪ್ಪು ಮೆಣಸಿನಕಾಯಿ ಕೊಳ್ಳುವವರ ಕೈಯಲ್ಲಿ ಶುಕ್ರ, ಮಂಗಳ! ಇದಕ್ಕಿಂತ ಮುಂಚೆ ಹೈದರಾಲಿ ಹಾಕಿಸಿದ ಚಿನ್ನದ ವರಾಹದಲ್ಲಿ ಇನ್ನೊಂದು ವಿಶೇಷ ಇದೆ. ವಿಜಯನಗರದ ಹರಿಹರನ ಕಾಲದಲ್ಲಿದ್ದ, ಆಮೇಲೆ ಇಕ್ಕೇರಿ ನಾಯಕರು ಮುಂದುವರಿಸಿದ ಉಮಾಮಹೇಶ್ವರರ ಚಿತ್ರವನ್ನೇ ಅವನು ಉಳಿಸಿಕೊಂಡ. ಹಿಂದಿನ ಮುಖದಲ್ಲಿ ತನ್ನ ಹೆಸರಿನ ಮೊದಲ ಅಕ್ಷರ 'ಹೇ' ಒಂದನ್ನಷ್ಟೇ ಹಾಕಿಸಿದ. ಜನ ನಂಬುವ ನಾಣ್ಯವನ್ನು ಬದಲಾಯಿಸಿದರೆ ವ್ಯಾಪಾರ ಕೆಡುತ್ತದೆ ಎಂಬ ತಿಳುವಳಿಕೆ ಅದರಲ್ಲಿದೆ ಎಂದು ನನಗನಿಸುತ್ತದೆ.

ಬ್ರಿಟಿಷ್ ರೂಪಾಯಿಗಳೇ ನಮ್ಮ ಕಡೆ ಹೆಚ್ಚು. 1835ರಿಂದ ಇಡೀ ಕಂಪನಿ ಸೀಮೆಗೆ ಒಂದೇ ರೂಪಾಯಿ: 11.66 ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಿಂದ ಯುದ್ಧದ ಬಿಕ್ಕಟ್ಟಿಗೆ ಬೆಳ್ಳಿ ಅರ್ಧಕ್ಕೆ ಇಳಿಯಿತು, ಯುದ್ಧ ಮುಗಿದ ಮೇಲೆ ಪೂರ್ತಿ ನಿಕ್ಕಲ್. 1943ರಿಂದ 1947ರವರೆಗಿನ ನಡುವೆ ತೂತಿರುವ ಪೈಸೆಯೂ ಲೋಹ ಉಳಿಸಲು ಮಾಡಿದ್ದೇ. ಅಕ್ಕಸಾಲಿಗರಿಗೆ ಈ ವರ್ಷಗಳು ಬಾಯಿಪಾಠ, ನಮಗೆ ಗೊತ್ತಿರುವುದಿಲ್ಲ. 1911ರ ಐದನೇ ಜಾರ್ಜ್ ರೂಪಾಯಿಯ ಕಥೆ ಹೇಳಲೇಬೇಕು. ರಾಜನ ನಿಲುವಂಗಿಯ ಮೇಲೆ ಆನೆಯ ಪದಕ ಇತ್ತು. ಸೊಂಡಿಲು ಎಷ್ಟು ಗಿಡ್ಡವಾಗಿತ್ತೆಂದರೆ ಜನರ ಕಣ್ಣಿಗೆ ಅದು ಹಂದಿಯಂತೆ ಕಂಡಿತು. ಮುಸ್ಲಿಮರಿಂದ ಆಕ್ಷೇಪ ಬಂತು. ಸರ್ಕಾರ ನಾಣ್ಯ ಹಿಂದಕ್ಕೆ ಪಡೆದು, 1912ರಲ್ಲಿ ಸೊಂಡಿಲು ಉದ್ದ ಮಾಡಿ ಮತ್ತೆ ಹೊರಡಿಸಿತು. ಆನೆ ಕಾಸು ನೋಡಿ ಬೆಳೆದ ನಮ್ಮ ಸೀಮೆಯವರಿಗೆ ಆ ಆನೆ ಹೇಗೆ ಕಂಡಿತ್ತೋ!

ಒಂದು ರೂಪಾಯಿಗೆ 16 ಆಣೆ, 64 ಪೈಸೆ, 192 ಪೈ. 1957ರ ಏಪ್ರಿಲ್ 1ರಿಂದ 100 ನಯಾ ಪೈಸೆ. 1964ರಲ್ಲಿ 'ನಯಾ' ಪದ ಬಿತ್ತು. ಒಂದಾಣೆಗೆ ಆರೂಕಾಲು ನಯಾ ಪೈಸೆ. ಆ ಕಾಲು ಪೈಸೆ ಯಾರ ಪಾಲಿಗೆ ಹೋಯಿತು ಎಂದು ದಾದಿಯನ್ನು ಕೇಳಿದರೆ, "ಅಂಗಡಿಯವ್ನ ಪಾಲಿಗೆ, ಇನ್ಯಾರ್ದು?" ಅನ್ನುತ್ತಾರೆ. ಈಗಿನ ನಾಣ್ಯದಲ್ಲೂ ಓದುವುದಿದೆ. ಇಸವಿಯ ಕೆಳಗೆ ವಜ್ರದ ಗುರುತಿದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ.

ನಾನು ಹೊಸಪೇಟೆ, ಹುಬ್ಬಳ್ಳಿ, ಕಲಬುರಗಿ ದರ್ಗಾ ಬಿಟ್ಟು ಬೇರೆ ಊರು ಕಂಡಿಲ್ಲ. ಕೊಟ್ಟೂರು ಕಡೆಯಿಂದ ಹೊಸಪೇಟೆಗೆ ಹೋಗುವ ರೈಲಿನ ಸಿಳ್ಳೆ ಕೇಳಿದಾಗ ಎಲ್ಲಿಗಾದರೂ ಹೋಗಬೇಕು ಅನಿಸುತ್ತದೆ, ಅಷ್ಟೇ. ಆದರೆ ನಾಣ್ಯಗಳು ಬಹಳ ದೂರ ನಡೆದಿವೆ. ನಮ್ಮ ಕಡೆ ಹೆಂಗಸರು ಹಾಕುವ ಪುತಲಿ ಸರ ಗೊತ್ತಲ್ಲ? ಆ ಪುತಲಿ ಮೂಲದಲ್ಲಿ ಇಟಲಿಯ ವೆನಿಸ್ ನಗರದ ಚಿನ್ನದ ಡುಕಾಟ್. 1284ರಲ್ಲಿ ಶುರುವಾದ ಆ ನಾಣ್ಯದಲ್ಲಿ ವೆನಿಸ್ ದೊರೆ ಸಂತ ಮಾರ್ಕನ ಎದುರು ಮಂಡಿಯೂರಿದ್ದಾನೆ. ನಮ್ಮವರ ಕಣ್ಣಿಗೆ ಅವು ಎರಡು ಗೊಂಬೆ, ಅಂದರೆ ಪುತಲಿ. ಮೆಣಸು, ಬಟ್ಟೆ ಕೊಳ್ಳಲು ಬಂದ ಚಿನ್ನ ಇಲ್ಲಿಯೇ ಉಳಿದು ಕೊರಳಿಗೆ ಏರಿತು. ಈಗಿನ ಸರಗಳಲ್ಲಿ ಇರುವುದು ಹೆಚ್ಚಾಗಿ ನಮ್ಮ ಅಕ್ಕಸಾಲಿಗರೇ ಅಚ್ಚು ಹಾಕಿದ ನಕಲು. ವೆನಿಸ್ ಗಣರಾಜ್ಯ 1797ರಲ್ಲಿ ಮುಗಿದುಹೋಯಿತು, ಗೊಂಬೆಗಳು ನಮ್ಮ ಮದುವೆ ಮನೆಗಳಲ್ಲಿ ಇನ್ನೂ ಇವೆ.

ಆ ಕಡೆಯಿಂದ ಈ ಕಡೆಗೆ ಬಂದವರಲ್ಲಿ ನನಗೆ ಇಷ್ಟವಾದವನು ಅಬ್ದುರ್ ರಜಾಕ್. ತೈಮೂರನ ಮಗ ಶಾಹರುಖ್‌ನ ರಾಯಭಾರಿ. 1442ರ ಜನವರಿಯಲ್ಲಿ ಈಗಿನ ಅಫ್ಘಾನಿಸ್ತಾನದ ಹೇರಾತ್ ಬಿಟ್ಟು, ಹೋರ್ಮುಜ್‌ನಲ್ಲಿ ಹಡಗು ಹತ್ತಿ, ಕಲ್ಲಿಕೋಟೆ, ಮಂಗಳೂರು ಮೂಲಕ 1443ರ ಏಪ್ರಿಲ್ ಹೊತ್ತಿಗೆ ಇಮ್ಮಡಿ ದೇವರಾಯನ ಹಂಪಿಗೆ ಬಂದ. ಹಡಗಿನ ವಾಸನೆಗೆ ಮೂರು ದಿನ ಪ್ರಜ್ಞೆ ಇಲ್ಲದೆ ಬಿದ್ದಿದ್ದೆ ಎಂದು ಅವನೇ ಬರೆದಿದ್ದಾನೆ. ನಾನು ಬಸ್ಸಿನಲ್ಲಿ ವಾಂತಿ ಮಾಡುವವರ ಪೈಕಿ, ಆದ್ದರಿಂದ ಅವನ ಮೇಲೆ ಪ್ರೀತಿ ಜಾಸ್ತಿ. ಹಂಪಿಯ ಪೇಟೆ, ಮಹಾನವಮಿಯ ಜೊತೆಗೆ ಅವನು ದುಡ್ಡಿನ ಲೆಕ್ಕವನ್ನೂ ಕೊಟ್ಟಿದ್ದಾನೆ. ವರಾಹದ ಅರ್ಧ ಪ್ರತಾಪ, ಪ್ರತಾಪದ ಹತ್ತನೇ ಒಂದು ಪಾಲು ಹಣ, ಹಣದ ಆರನೇ ಒಂದು ಪಾಲು ಬೆಳ್ಳಿಯ ತಾರ, ತಾರದ ಮೂರನೇ ಒಂದು ಪಾಲು ತಾಮ್ರದ ಜೀತಲ್. ಹಾಗಾದರೆ ಒಂದು ವರಾಹಕ್ಕೆ 360 ಜೀತಲ್. 'ಹಣ' ಎಂದು ನಾವು ಇವತ್ತು ಎಲ್ಲ ದುಡ್ಡಿಗೂ ಅನ್ನುವ ಮಾತು ಆಗ ಬೇಳೆಕಾಳಿನಷ್ಟು ಚಿಕ್ಕ ಚಿನ್ನದ ನಾಣ್ಯದ ಹೆಸರು.

ಇಲ್ಲಿಂದ ಆ ಕಡೆ ಹೋದ ದುಡ್ಡೂ ಇದೆ. 1959ರಲ್ಲಿ ಹಜ್ ಯಾತ್ರಿಕರಿಗೆಂದೇ ರಿಸರ್ವ್ ಬ್ಯಾಂಕ್ 10 ಮತ್ತು 100 ರೂಪಾಯಿಯ ಬೇರೆ ಬಣ್ಣದ ನೋಟು ಹೊರಡಿಸಿತ್ತು. ಸಂಖ್ಯೆಯ ಮೊದಲು 'ಎಚ್‌ಎ' ಎಂದಿರುತ್ತಿತ್ತು. ಆಗ ಮುಂಬೈನಿಂದ ಜೆದ್ದಾಗೆ ಹಡಗಿನಲ್ಲಿ ಹೋಗುತ್ತಿದ್ದರು. ಆ ಹಡಗು ಯಾತ್ರೆ 1995ಕ್ಕೆ ನಿಂತಿತು. ಅಂಥ ನೋಟನ್ನು ನಾನು ಚಿತ್ರದಲ್ಲಿ ಮಾತ್ರ ನೋಡಿದ್ದೇನೆ.

ಈಗ ಸ್ವಲ್ಪ ಕಟುವಾದ ವಿಷಯ. ನಮ್ಮ ಭಾಗದಲ್ಲಿ 'ಹಳೇದು ಹುಡುಕುತ್ತೇನೆ' ಅಂದರೆ ಜನ ನಿಧಿ ಅಂತಲೇ ತಿಳಿಯುತ್ತಾರೆ. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನು ನಿಧಿಯಾಸೆಗೆ ರಾತ್ರೋರಾತ್ರಿ ಒಡೆದು ಹಾಕಿದ್ದು ನಿಮಗೆ ನೆನಪಿರಬಹುದು. ನಮ್ಮ ಅಂಗಡಿಗೂ ಒಮ್ಮೆ ಒಬ್ಬ ಮಣ್ಣು ಮೆತ್ತಿದ ನಾಣ್ಯದ ಗಂಟು ತಂದಿದ್ದ. ಹೊಲದಲ್ಲಿ ಸಿಕ್ಕಿತಂತೆ, ತೂಕಕ್ಕೆ ಕೊಡುತ್ತೇನೆ ಅಂದ. ಆ ತಿಂಗಳು ನಮ್ಮ ಮನೆಯಲ್ಲಿ ನನ್ನ ಕಾಲೇಜು ಫೀಜಿಗೂ ಸಾಲ ಕೇಳುವ ಪರಿಸ್ಥಿತಿ ಇತ್ತು. ಅಬ್ಬಾ ಗಂಟು ಮುಟ್ಟಲಿಲ್ಲ. "ಯಪ್ಪಾ, ಇದು ನಮ್ಮ ಅಂಗಡಿ ಮಾಲು ಅಲ್ಲ. ಹೆಂಗೈತೋ ಹಂಗ ತಹಶೀಲ್ದಾರ್ ಆಫೀಸಿಗೆ ಒಯ್ಯಿ" ಅಂದರು. ಅವನು ಎದ್ದು ಹೋದ, ಎಲ್ಲಿಗೆ ಹೋದನೋ ಗೊತ್ತಿಲ್ಲ.

ಕಾನೂನು ಹೀಗಿದೆ. ನೆಲದಡಿ ನಿಧಿ ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. 1878ರ ಕಾಯ್ದೆಯಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದ್ದಕ್ಕೆಲ್ಲ ಈ ನಿಯಮ ಇತ್ತು, ವಾರಸುದಾರರಿಲ್ಲದಿದ್ದರೆ ಸಿಕ್ಕಿದವನಿಗೂ ಪಾಲಿತ್ತು. ನಮ್ಮ ರಾಜ್ಯಕ್ಕೆ 1962ರ ಪ್ರತ್ಯೇಕ ಕಾಯ್ದೆ ಇದೆ. 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಪುರಾತನ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಗಂಟನ್ನು ಇದ್ದ ಹಾಗೇ ಒಪ್ಪಿಸಬೇಕು ಎನ್ನುವುದಕ್ಕೆ ಓದಿನ ಕಾರಣವೂ ಇದೆ. ಒಂದು ಗಡಿಗೆಯಲ್ಲಿ ಐವತ್ತು ನಾಣ್ಯ ಇದ್ದು, ಅದರಲ್ಲಿ ತೀರಾ ಈಚಿನದ್ದು ಅಚ್ಯುತರಾಯನ ಗಂಡಭೇರುಂಡದ ನಾಣ್ಯ ಎಂದುಕೊಳ್ಳಿ. ಆಗ ಆ ಗಡಿಗೆ ಹೂತದ್ದು ಅವನ ಕಾಲದಲ್ಲಿ ಅಥವಾ ಆಮೇಲೆ, ಮುಂಚೆ ಸಾಧ್ಯವಿಲ್ಲ. ಹತ್ತು ನಾಣ್ಯ ಹತ್ತು ಕಡೆ ಮಾರಿಹೋದರೆ ಈ ಮಾತು ಹೇಳುವವರೇ ಇಲ್ಲ.

ಇನ್ನೊಂದು ಮೋಸ ಮೊಬೈಲಿನಲ್ಲಿ ಬರುತ್ತದೆ. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಳಿಸಿ ಎನ್ನುತ್ತಾರೆ. ನಮ್ಮ ಓಣಿಯ ಒಬ್ಬರು ಹಾಗೆ ಮೂರು ಸಲ ದುಡ್ಡು ಹಾಕಿ ಕಳೆದುಕೊಂಡರು. ತನ್ನ ಹೆಸರಿನಲ್ಲಿ ಹೀಗೆ ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಕೊಟ್ಟಿದೆ. ಹಾಗೆಯೇ '1818' ಎಂದು ಬರೆದ ರಾಮ, ಹನುಮಂತರ ಚಿತ್ರದ ಕಂಪನಿ ನಾಣ್ಯಗಳು ಜಾತ್ರೆಗಳಲ್ಲಿ ಮಾರಾಟಕ್ಕೆ ಬರುತ್ತವೆ. ಕಂಪನಿ ಅಂಥ ನಾಣ್ಯ ಹೊರಡಿಸಿರಲೇ ಇಲ್ಲ. 1939ರ ಬೆಳ್ಳಿ ರೂಪಾಯಿ ನಿಜಕ್ಕೂ ಅಪರೂಪ, ಅದಕ್ಕೇ ಅದರ ನಕಲು ಹೆಚ್ಚು. ಅನುಮಾನ ಬಂದರೆ ಮೊದಲು ತೂಗಿ ನೋಡಿ.

ನಿಜವಾದ ವಿಜಯನಗರದ ನಾಣ್ಯ ನೋಡಬೇಕೆಂದರೆ ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಹೊಸಪೇಟೆಯಿಂದ ಬಸ್ಸಿದೆ, ಶುಕ್ರವಾರ ಅಲ್ಲಿ ರಜೆ. ನಮ್ಮ ತರಗತಿಯ ನಾಲ್ಕು ಜನ ಪರೀಕ್ಷೆ ಮುಗಿದ ಮೇಲೆ ಹೋಗುವುದೆಂದು ಮಾತಾಗಿದೆ, ಬುತ್ತಿ ಮನೆಯಿಂದಲೇ. ಬರುವವರು ಹೆಸರು ಕೊಡಿ. ಮನೆಯಲ್ಲಿ ಹಳೇ ಕಾಸು ಇದ್ದು ಓದಲು ಬಾರದಿದ್ದರೆ, ಶನಿವಾರ ಮಧ್ಯಾಹ್ನ ತರಗತಿ ಬಿಟ್ಟ ಮೇಲೆ ಲೈಬ್ರರಿಗೆ ತನ್ನಿ. ತೊಳೆಯದೆ ತನ್ನಿ, ಮನೆಯವರನ್ನು ಕೇಳಿಯೇ ತನ್ನಿ. ತಕ್ಕಡಿ ನಾನು ತರುತ್ತೇನೆ.