ಇಳಿಜಾರಿನಲ್ಲಿ ಜೀಪು ಬಂಡಿಯ ನಿಲುಗಡೆ: ಸ್ಪ್ರಿಂಗುಗಳೂ ಕೈಬ್ರೇಕೂ

ಮಲೆನಾಡಿನ ಮತ್ತು ಕೊಡಗಿನ ತೋಟಗಳಲ್ಲಿ ಗೊಬ್ಬರದ ಮೂಟೆ, ಅಡಿಕೆಗೊನೆ, ಕಾಫಿಹಣ್ಣು, ಕೆಲಸದ ಆಳುಗಳು ಇವೆಲ್ಲವನ್ನೂ ಹೊತ್ತು ಕೆಸರುದಾರಿಯನ್ನೇರುವ ಬಂಡಿಯೆಂದರೆ, ನಾಲ್ಕು ಚಕ್ರಗಳಿಗೂ ಎಂಜಿನಿನ ಬಲವನ್ನು ಕೊಡಬಹುದಾದ ಜೀಪು. ಅಮೆರಿಕದ ಸೈನ್ಯಕ್ಕಾಗಿ 1941ರಿಂದ ತಯಾರಾದ ವಿಲ್ಲಿಸ್ ಜೀಪು 1945ರಲ್ಲಿ ಬೇಸಾಯಗಾರರ ಉಪಯೋಗಕ್ಕೂ ಮಾರಾಟಕ್ಕೆ ಬಂದಿತು. 1947ರಲ್ಲಿ ಮಹೀಂದ್ರ ಕಂಪೆನಿಯವರು ಮುಂಬಯಿಯಲ್ಲಿ ಅದನ್ನು ಜೋಡಿಸತೊಡಗಿದರು. ಅಂದಿನಿಂದ ಈ ಜಾತಿಯ ಬಂಡಿಗಳು ನಮ್ಮ ತೋಟಗಳಲ್ಲಿ ನೆಲೆಯೂರಿವೆ.

ಈ ಬಂಡಿಯು ಹೇಗೆ ಏರುವುದೆಂಬುದನ್ನು ಎಲ್ಲರೂ ಬಲ್ಲರು. ಹೇಗೆ ನಿಲ್ಲುವುದೆಂಬುದನ್ನು ವಿಚಾರಿಸಿದವರು ಕಡಮೆ. ಕೈಬ್ರೇಕನ್ನು ಎಳೆದು ಇಳಿದುಹೋದ ಮೇಲೆ ಬಂಡಿಯು ತಾನಾಗಿ ಹೊರಳಿದರೆ ಕೆಳಗಿನ ಸಾಲಿನಲ್ಲಿ ಕೆಲಸಮಾಡುವವರ ಪ್ರಾಣಕ್ಕೇ ಸಂಚಕಾರವುಂಟು. ಆದುದರಿಂದ ಕೈಬ್ರೇಕು ಯಾವುದರ ಬಲದಿಂದ ಬಂಡಿಯನ್ನು ಹಿಡಿಯುತ್ತದೆ, ಯಾವಾಗ ಹಿಡಿಯಲಾರದು ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

1. ಇಳಿಜಾರಿನ ಎಳೆತ

ಹೊರೆಸಹಿತ 1,500 ಕಿಲೋಗ್ರಾಂ ತೂಗುವ ಜೀಪನ್ನು, ದಾರಿಯಲ್ಲಿ 5 ಮೀಟರು ಸಾಗಿದರೆ 1 ಮೀಟರು ಏರುವಂಥ ಇಳಿಜಾರಿನಲ್ಲಿ ನಿಲ್ಲಿಸಿದೆವೆಂದು ತಿಳಿಯೋಣ. ಆಗ ತೂಕದ ಐದನೆಯ ಒಂದು ಪಾಲು, ಎಂದರೆ 300 ಕಿಲೋ ಬಲವು, ಅದನ್ನು ಸದಾ ಕೆಳಕ್ಕೆ ಎಳೆಯುತ್ತಿರುತ್ತದೆ. ಇದನ್ನು ತಡೆಯತಕ್ಕದ್ದು ಕಟ್ಟಕಡೆಗೆ ಬ್ರೇಕಲ್ಲ. ಟೈರಿಗೂ ನೆಲಕ್ಕೂ ನಡುವಣ ಹಿಡಿತ. ಬ್ರೇಕು ಚಕ್ರವನ್ನು ತಿರುಗದಂತೆ ಮಾಡಬಲ್ಲುದೇ ಹೊರತು ಜಾರದಂತೆ ಮಾಡಲಾರದು.

ಒದ್ದೆ ಜೇಡಿನೆಲದಲ್ಲಿ ಈ ಹಿಡಿತವು ಚಕ್ರದ ಮೇಲಿನ ಭಾರದಲ್ಲಿ ಹತ್ತರಲ್ಲಿ ಮೂರು ಪಾಲೆಂದು ಇಟ್ಟುಕೊಳ್ಳೋಣ. ಸಮನೆಲದಲ್ಲಿ ಭಾರವು ಮುಂದಿನ ಹಿಂದಿನ ಚಕ್ರಗಳಿಗೆ ಸಮವಾಗಿ ಹಂಚಿದೆಯೆಂದೂ, ಭಾರದ ಕೇಂದ್ರವು ನೆಲದಿಂದ 70 ಸೆಂಟಿಮೀಟರು ಮೇಲಿದೆಯೆಂದೂ, ಎರಡು ಆಕ್ಸಲುಗಳ ಅಂತರವು 2 ಮೀಟರೆಂದೂ ಭಾವಿಸಿ ಲೆಕ್ಕಮಾಡಿದರೆ ಫಲವು ಹೀಗಿದೆ:

ಬಂಡಿಯು ಕೆಳಮುಖವಾಗಿ ನಿಂತಿದ್ದರೆ ಹಿಂದಿನ ಎರಡು ಚಕ್ರಗಳ ಮೇಲೆ ಸುಮಾರು 630 ಕಿಲೋ ಭಾರ, ಹಿಡಿತ 189 ಕಿಲೋ.
ಮೇಲ್ಮುಖವಾಗಿ ನಿಂತಿದ್ದರೆ ಅವುಗಳ ಮೇಲೆ ಸುಮಾರು 840 ಕಿಲೋ ಭಾರ, ಹಿಡಿತ 252 ಕಿಲೋ.
ನಾಲ್ಕು ಚಕ್ರಗಳನ್ನೂ ತಡೆದಿದ್ದರೆ ಒಟ್ಟು ಹಿಡಿತ ಸುಮಾರು 441 ಕಿಲೋ.

ಎಳೆಯುವ ಬಲವು 300 ಕಿಲೋ ಇರುವಾಗ, ಬರಿಯ ಹಿಂದಿನ ಚಕ್ರಗಳನ್ನು ಹಿಡಿಯುವ ಕೈಬ್ರೇಕು ಎಷ್ಟೇ ಗಟ್ಟಿಯಾಗಿದ್ದರೂ ಆ ನೆಲದಲ್ಲಿ ಬಂಡಿಯನ್ನು ನಿಲ್ಲಿಸಲಾರದು. ಚಕ್ರಗಳು ತಿರುಗದೆಯೇ ಬಂಡಿಯು ಜಾರುವುದು. ನಾಲ್ಕು ಚಕ್ರಗಳನ್ನೂ ತಡೆದರೆ ಮಾತ್ರ ನಿಲ್ಲುವುದು. ಬೇಸಗೆಯ ಒಣನೆಲದಲ್ಲಿ ನಿಂತ ಬಂಡಿಯು ಮಳೆಗಾಲದಲ್ಲಿ ಅದೇ ಜಾಗದಲ್ಲಿ ನಿಲ್ಲುವುದೆಂದು ನಂಬಕೂಡದೆಂಬುದಕ್ಕೆ ಇದೇ ಕಾರಣ.

2. ಕೈಬ್ರೇಕಿನ ಎರಡು ಬಗೆ

ಒಂದನೆಯ ಬಗೆಯಲ್ಲಿ ಕೈಬ್ರೇಕಿನ ತಂತಿಯು ಹಿಂದಿನ ಎರಡು ಚಕ್ರಗಳ ಡ್ರಮ್ಮುಗಳೊಳಗಿನ ಬ್ರೇಕನ್ನೇ ಎಳೆಯುತ್ತದೆ. ಇದರಲ್ಲಿ ಒಂದೊಂದು ಚಕ್ರವೂ ಬೇರೆಬೇರೆಯಾಗಿ ಹಿಡಿಯಲ್ಪಡುವುದು.

ಎರಡನೆಯ ಬಗೆಯು ವಿಲ್ಲಿಸ್ ಜೀಪಿನಲ್ಲಿಯೂ, 1948ರಲ್ಲಿ ಹೊರಬಂದ ಲ್ಯಾಂಡ್ ರೋವರಿನಲ್ಲಿಯೂ ಇದ್ದದ್ದು. ಇಲ್ಲಿ ಡ್ರಮ್ಮು ಚಕ್ರದಲ್ಲಿರದೆ, ಗೇರುಪೆಟ್ಟಿಗೆಯ ಹಿಂದೆ, ಹಿಂದಿನ ಆಕ್ಸಲಿಗೆ ಹೋಗುವ ಉದ್ದ ದಂಡದ ತುದಿಯಲ್ಲಿರುತ್ತದೆ. ದಂಡವನ್ನು ಹಿಡಿದರೆ ಚಕ್ರಗಳೂ ನಿಲ್ಲುವುವೆಂಬುದು ಇದರ ತತ್ತ್ವ.

ಆದರೆ ಆಕ್ಸಲಿನ ನಡುವೆ ಡಿಫರೆನ್ಷಿಯಲ್ ಎಂಬ ಗೇರುಗಳ ಜೋಡಣೆಯುಂಟು. ತಿರುವಿನಲ್ಲಿ ಹೊರಗಿನ ಚಕ್ರವು ಹೆಚ್ಚು ದೂರವನ್ನೂ ಒಳಗಿನದು ಕಡಮೆ ದೂರವನ್ನೂ ಉರುಳಲೆಂದು ಅದನ್ನು ಇಟ್ಟಿದೆ. ದಂಡವನ್ನು ಹಿಡಿದಿಟ್ಟಾಗಲೂ ಒಂದು ಚಕ್ರವು ಮುಂದಕ್ಕೆ ತಿರುಗಿದರೆ ಮತ್ತೊಂದು ಅಷ್ಟೇ ಹಿಂದಕ್ಕೆ ತಿರುಗಬಹುದು. ಎರಡೂ ನೆಲದ ಮೇಲೆ ಬಿಗಿಯಾಗಿ ಕುಳಿತಿದ್ದರೆ ಹೀಗಾಗದು. ಪಂಕ್ಚರಾದ ಟೈರನ್ನು ಬದಲಿಸಲು ಹಿಂದಿನ ಒಂದು ಚಕ್ರವನ್ನು ಜ್ಯಾಕಿನಿಂದ ಎತ್ತಿದ ಕ್ಷಣದಲ್ಲಿ ಅದು ಗಾಳಿಯಲ್ಲಿ ಸ್ವೇಚ್ಛೆಯಾಗಿ ತಿರುಗಬಲ್ಲುದು. ಆಗ ನೆಲದ ಮೇಲಿನ ಚಕ್ರಕ್ಕೂ ತಡೆಯಿಲ್ಲ. ಕೈಬ್ರೇಕನ್ನು ಪೂರ್ತಿ ಎಳೆದಿದ್ದರೂ ಬಂಡಿಯು ಉರುಳಿ ಜ್ಯಾಕಿನಿಂದ ಬೀಳುವುದು. ಒಂದು ಚಕ್ರವು ಕೊರಕಲಿನಲ್ಲಿ ತೂಗಿದಾಗಲೂ, ಬಹಳ ನುಣುಪಾದ ಕೆಸರಿನಲ್ಲಿದ್ದಾಗಲೂ ಇದೇ ಅಪಾಯವುಂಟು.

ಈ ಬಗೆಯ ಬಂಡಿಯಲ್ಲಿ ನಾಲ್ಕು ಚಕ್ರದ ಲಿವರನ್ನು ಹಾಕಿದರೆ ಮುಂದಿನ ದಂಡವೂ ಹಿಂದಿನದಕ್ಕೆ ಕೂಡಿಕೊಂಡು, ಕೈಬ್ರೇಕು ಮುಂದಿನ ಆಕ್ಸಲನ್ನೂ ಹಿಡಿಯುವುದು. ಮುಂದಿನ ಚಕ್ರದ ನಡುವೆ ಬಿಡಿಸುವ ಕೀಲುಗಳಿದ್ದರೆ ಅವುಗಳನ್ನೂ ಕೂಡಿಸಿರಬೇಕು. ಟ್ರಾನ್ಸ್‌ಫರ್ ಕೇಸು ಎಂಬ ಎರಡನೆಯ ಗೇರುಪೆಟ್ಟಿಗೆಯ ಲಿವರು ನ್ಯೂಟ್ರಲಿನಲ್ಲಿದ್ದರೆ, ದೊಡ್ಡ ಗೇರನ್ನು ಹಾಕಿದ್ದರೂ ಎಂಜಿನಿಗೂ ಚಕ್ರಗಳಿಗೂ ಸಂಬಂಧವಿರದೆಂಬುದನ್ನು ಮರೆಯಕೂಡದು.

3. ಸ್ಪ್ರಿಂಗುಗಳ ಪಾತ್ರ

ಟೈರನ್ನು ನೆಲಕ್ಕೆ ಒತ್ತಿ ಹಿಡಿಯುವ ಕೆಲಸವು ಸ್ಪ್ರಿಂಗುಗಳದು. ಹಳೆಯ ಜೀಪಿನಲ್ಲಿ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳೇ ಸ್ಪ್ರಿಂಗು. ಅವುಗಳನ್ನು ಯು ಬೋಲ್ಟುಗಳು ಆಕ್ಸಲಿಗೆ ಬಿಗಿದಿರುತ್ತವೆ. ಒಂದು ತುದಿಯಲ್ಲಿ ಗೂಟವೂ ಬುಷ್ಷೂ, ಮತ್ತೊಂದು ತುದಿಯಲ್ಲಿ ತೂಗಾಡುವ ಶ್ಯಾಕಲ್ಲೂ ಉಂಟು. ಪಟ್ಟಿಯೊಂದು ಮುರಿದರೆ ಬಂಡಿಯು ಒಂದು ಪಕ್ಕಕ್ಕೆ ವಾಲಿ, ಚಕ್ರಗಳ ಮೇಲಿನ ಭಾರವು ಏರುಪೇರಾಗುವುದು. ಯು ಬೋಲ್ಟು ಸಡಿಲವಾಗಿ ನಡುಬೋಲ್ಟು ತುಂಡಾದರೆ ಆಕ್ಸಲೇ ಸ್ಥಾನಬಿಟ್ಟು ಸರಿದು, ತಂತಿಯ ಬಗೆಯ ಕೈಬ್ರೇಕಿನ ಅಳತೆಯು ಕೆಡುವುದು.

ಹಳ್ಳದಿಣ್ಣೆಗಳನ್ನು ದಾಟಲೆಂದು ಕೆಲವರು ಉದ್ದ ಶ್ಯಾಕಲ್ಲನ್ನೋ ಎತ್ತರದ ಸ್ಪ್ರಿಂಗನ್ನೋ ಹಾಕಿಸುವುದುಂಟು. ಇದರಿಂದ ಆಕ್ಸಲು ಕೆಳಗಿಳಿದು ಬ್ರೇಕಿನ ತಂತಿಯೂ ರಬ್ಬರು ಕೊಳವೆಯೂ ಎಳೆದುಕೊಳ್ಳಬಹುದು. ತಂತಿಯು ಬಿಗಿದರೆ ಬ್ರೇಕು ಸದಾ ಉಜ್ಜಿ ಸವೆಯುವುದು. ಅದನ್ನು ತಪ್ಪಿಸಲು ಅಂದಾಜಿನಿಂದ ಸಡಿಲಿಸಿದರೆ ಬೇಕಾದಾಗ ಹಿಡಿಯದು. ಭಾರದ ಕೇಂದ್ರವೂ ಮೇಲೇರುವುದು: ಮೇಲಿನ ಲೆಕ್ಕದಲ್ಲಿ ಅದು 10 ಸೆಂಟಿಮೀಟರು ಏರಿದರೆ, ಕೆಳಮುಖವಾದ ಬಂಡಿಯ ಹಿಂದಿನ ಚಕ್ರಗಳ ಮೇಲಿನ ಭಾರವು ಮತ್ತೂ 15 ಕಿಲೋ ಕಡಮೆಯಾಗುವುದು. ಸ್ಪ್ರಿಂಗನ್ನು ಎತ್ತರಿಸಿದವರು ಬ್ರೇಕನ್ನು ಮತ್ತೆ ಅಳವಡಿಸದೆ ಇಳಿಜಾರಿಗೆ ಹೋಗತಕ್ಕದ್ದಲ್ಲ.

4. ತಿಂಗಳಿಗೊಮ್ಮೆ ನೋಡತಕ್ಕವು

(ಅ) ಪಟ್ಟಿಗಳಲ್ಲಿ ಬಿರುಕು, ಯು ಬೋಲ್ಟಿನ ನಟ್ಟುಗಳ ಬಿಗಿ, ಬುಷ್ಷುಗಳ ಸವೆತ. ಗ್ರೀಸಿನ ಮೂತಿಯಿರುವಲ್ಲಿ ಗ್ರೀಸನ್ನು ಕೊಡಬೇಕು. ರಬ್ಬರು ಬುಷ್ಷಿಗೆ ಎಣ್ಣೆ ತಗುಲಿಸಬಾರದು, ತಗುಲಿದರೆ ರಬ್ಬರು ಕೆಡುವುದು.

(ಆ) ದಂಡದ ಬ್ರೇಕಿನ ಡ್ರಮ್ಮಿನ ಸುತ್ತ ಎಣ್ಣೆಯ ಪಸೆ. ಗೇರುಪೆಟ್ಟಿಗೆಯ ಹಿಂದಿನ ಸೀಲು ಸೋರಿದರೆ ಎಣ್ಣೆಯು ಬ್ರೇಕಿನ ಪಟ್ಟಿಗೆ ತಗುಲಿ ಹಿಡಿತವು ಹೋಗುವುದು. ಮೊದಲು ಸೀಲನ್ನು ಬದಲಿಸಿ ಆಮೇಲೆ ಪಟ್ಟಿಯನ್ನು ಬದಲಿಸಬೇಕು.

(ಇ) ಹಳ್ಳವನ್ನು ದಾಟಿದ ಮೇಲೆ ಡ್ರಮ್ಮುಗಳಲ್ಲಿ ನಿಂತ ನೀರು ಮತ್ತು ಕೆಸರು. ಸ್ವಲ್ಪ ದೂರ ಮೆಲ್ಲಗೆ ನಡೆಯಿಸುತ್ತ ಕಾಲುಬ್ರೇಕನ್ನು ಹಗುರವಾಗಿ ಒತ್ತಿದರೆ ಚಕ್ರದ ಬ್ರೇಕುಗಳು ಒಣಗುವುವು. ದಂಡದ ಬ್ರೇಕನ್ನು ಬಂಡಿಯು ಚಲಿಸುತ್ತಿರುವಾಗ ಎಳೆಯಬಾರದು.

5. ನಿಲ್ಲಿಸುವ ಕ್ರಮ

ಕಾಲುಬ್ರೇಕನ್ನು ಒತ್ತಿಕೊಂಡೇ ಕೈಬ್ರೇಕನ್ನು ಪೂರ್ತಿ ಎಳೆಯಿರಿ. ಕಾಲನ್ನು ಮೆಲ್ಲನೆ ಸಡಿಲಿಸಿ ಭಾರವು ಕೈಬ್ರೇಕಿನ ಮೇಲೆ ಕೂರಲಿ. ದಂಡದ ಬ್ರೇಕಿನ ಬಂಡಿಯು ಆಗ ಅಲ್ಪವಾಗಿ ಸರಿದು ನಿಲ್ಲುವುದು ಸಹಜ, ಅದು ಗೇರುಗಳ ನಡುವಣ ಸಡಿಲ. ದಿನದಿನಕ್ಕೆ ಹೆಚ್ಚಿದರೆ ಮಾತ್ರ ಸವೆತದ ಗುರುತು. ಬಳಿಕ ನಾಲ್ಕು ಚಕ್ರದ ಲಿವರನ್ನೂ ಕೆಳಗಿನ ಗೇರನ್ನೂ ಹಾಕಿ ಎಂಜಿನನ್ನು ನಿಲ್ಲಿಸಿರಿ. ಕಡೆಯದಾಗಿ ಇಳಿಜಾರಿನ ಕೆಳಮಗ್ಗುಲಿನಲ್ಲಿ ಎರಡು ಚಕ್ರಗಳಿಗೂ ಮರದ ಬೆಣೆಯನ್ನು ಕೊಡಿರಿ. ಚಕ್ರವನ್ನು ಎತ್ತಬೇಕಾದರೆ ಮೊದಲು ಸಮನೆಲವನ್ನು ಹುಡುಕಿ, ಎತ್ತದ ಚಕ್ರಗಳಿಗೆ ಮುಂದೂ ಹಿಂದೂ ಬೆಣೆ ಕೊಟ್ಟ ಮೇಲೆಯೇ ಜ್ಯಾಕನ್ನು ಹಾಕತಕ್ಕದ್ದು.

ದಿಣ್ಣೆಯಲ್ಲಿ ಎತ್ತಿನ ಗಾಡಿಯನ್ನು ಬಿಟ್ಟುಹೋಗುವಾಗ ಗಾಲಿಗೆ ಕಲ್ಲನ್ನಿಡದೆ ನಮ್ಮ ಹಿರಿಯರು ನೊಗವನ್ನು ಇಳಿಸುತ್ತಿರಲಿಲ್ಲ. ಬಂಡಿಯು ಹೊಸದಾದರೂ ಇಳಿಜಾರು ಹಳೆಯದೇ. ಎರಡು ಬೆಣೆಗಳನ್ನು ಹಗ್ಗದಿಂದ ಕಟ್ಟಿ ಜೀಪಿನಲ್ಲಿಯೇ ಇಟ್ಟಿರುವುದು ಪ್ರತಿಯೊಬ್ಬ ತೋಟಗಾರನಿಗೂ ಸಾಧ್ಯವಾದ ಕೆಲಸ. ಈ ಮಳೆಗಾಲಕ್ಕೆ ಮುಂಚೆಯೇ ಅದನ್ನು ಮಾಡಿಕೊಳ್ಳುವುದು ಮೇಲು.