ಅಟ್ಟದ ಮೇಲಿನದೂ ಪೆಟ್ಟಿಗೆಯೊಳಗಿನದೂ

ಸುಗ್ಗಿ ತೀರಿ, ಕಣದ ಕೆಲಸ ಮುಗಿದು, ಮುಂಗಾರು ಇನ್ನೂ ಬಾರದಿರುವ ಕೆಲವು ವಾರಗಳಲ್ಲಿ ಒಕ್ಕಲು ಮನೆಗೆ ಸ್ವಲ್ಪ ಬಿಡುವು ದೊರೆಯುವದು. ಹೆಂಚು ಕೈಯಾಡಿಸುವದು, ಗೋಡೆಗೆ ಸುಣ್ಣ ಬಳಿಯುವದು, ಮಳೆಗಾಲದ ಕಟ್ಟಿಗೆ ಒಟ್ಟುವದು ಈ ಕಾಲದಲ್ಲಿಯೇ ನಡೆಯುತ್ತವೆ. ಇವುಗಳೊಂದಿಗೆ ಇನ್ನೊಂದು ಕೆಲಸವನ್ನು ಸೇರಿಸಿಕೊಳ್ಳಬೇಕೆಂದು ಪ್ರಿಯ ವಾಚಕರಿಗೆ ತಿಳಿಸುವದೇ ಈ ಪಾಠದ ಉದ್ದೇಶವು. ಅದೇನಂದರೆ, ಅಟ್ಟದ ಮೇಲಿರುವದನ್ನೆಲ್ಲಾ ಒಂದು ದಿವಸ ಅಂಗಳಕ್ಕೆ ಇಳಿಸಿ, ಬಿಸಿಲಿಗೆ ಹರವಿ, ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡುವದು.

ಏನೇನು ಇಳಿಯುವದೆಂದು ಎಲ್ಲರೂ ಬಲ್ಲರು. ಒಡಕು ಕೊಡ, ಕಾಲು ಮುರಿದ ಮಣೆ, ಹರಿದ ಗೋಣಿಚೀಲ, ಮುಚ್ಚಳವಿಲ್ಲದ ಡಬ್ಬಿ, ಡಬ್ಬಿಯಿಲ್ಲದ ಮುಚ್ಚಳ. ಎಂದಾದರೂ ಬೇಕಾದೀತು ಎಂಬ ಒಂದೇ ಮಾತಿನಿಂದ ಇವೆಲ್ಲಾ ಮೇಲಕ್ಕೆ ಏರಿದವು. ಪಟ್ಟಣದವರು ಇದನ್ನು ಕಂಡು ನಗುವದುಂಟು; ಆದರೆ ಅವರ ನಗೆ ಸರಿಯಾದದ್ದಲ್ಲ. ಯಾಕಂದರೆ ಬರಗಾಲವನ್ನೂ ಸಾಲವನ್ನೂ ಕಂಡ ಮನೆಯವರು ಒಂದು ಹಗ್ಗದ ತುಂಡನ್ನಾದರೂ ಸುಮ್ಮನೆ ಬಿಸಾಡಲಾರರು. ಆದದರಿಂದ ಎಷ್ಟನ್ನು ಬಿಸಾಡಬೇಕೆಂದು ಕೇಳುವದಕ್ಕಿಂತ ಬೇರೊಂದು ಪ್ರಶ್ನೆಯನ್ನು ಕೇಳಿಕೊಳ್ಳುವದು ಒಳ್ಳೇದು: ಇದು ಹೋದರೆ ಮತ್ತೆ ದೊರೆಯುವದೋ, ದೊರೆಯದೋ? ಈ ಪ್ರಶ್ನೆಯನ್ನು ಹಿಡಿದು ನೋಡಿದರೆ ಒಂದು ವಿಚಿತ್ರ ಸಂಗತಿಯು ತೋರಿಬರುವದು. ಸಂತೆಯಲ್ಲಿ ಯಾವಾಗಲೂ ದೊರೆಯುವ ವಸ್ತುಗಳಿಗೆ ಮನೆಯ ಒಣಗಿದ, ಎತ್ತರವಾದ, ಭದ್ರವಾದ ಸ್ಥಳವು ಸಿಕ್ಕಿರುತ್ತದೆ. ಎಲ್ಲಿಯೂ ದೊರೆಯದ ವಸ್ತುವು ಅವುಗಳ ಅಡಿಯಲ್ಲಿ ಇಲಿಗೂ ಗೆದ್ದಲಿಗೂ ಆಹಾರವಾಗಿ ಬಿದ್ದಿರುತ್ತದೆ.

ಮೊದಲು ಇಲಿಯ ಮಾತು. 1896ರಲ್ಲಿ ಬೊಂಬಾಯಿಯಲ್ಲಿ ಕಾಣಿಸಿಕೊಂಡ ಮಹಾಮಾರಿಯು 1898ರಲ್ಲಿ ಹುಬ್ಬಳ್ಳಿಗೂ ಬೆಂಗಳೂರಿಗೂ ಬಂದು ಕೇರಿಗಳನ್ನೇ ಬರಿದುಮಾಡಿತು. ಅದೇ 1898ರಲ್ಲಿ ಕರಾಚಿಯಲ್ಲಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯನು ಈ ರೋಗವು ಇಲಿಯ ಮೈಮೇಲಿನ ಚಿಗಟದಿಂದ ಮನುಷ್ಯನಿಗೆ ದಾಟುತ್ತದೆಂದು ತೋರಿಸಿದನು. ಹಲವರು ಅದನ್ನು ಒಪ್ಪುವದಕ್ಕೆ ವರುಷಗಳೇ ಹಿಡಿದವು. ಆ ಭಯವು ಈಗ ನಮ್ಮ ಹಳ್ಳಿಗಳಲ್ಲಿ ಇಲ್ಲ. ಆದರೂ ಇಲಿ ಹೋಗಲಿಲ್ಲ. ಅದರ ಮೂತ್ರವು ನೀರಿಗೂ ಹಸಿಮಣ್ಣಿಗೂ ಸೇರಿ ಇಲಿಜ್ವರವನ್ನು ಹುಟ್ಟಿಸುವದು. ಮಳೆಗಾಲದಲ್ಲಿ ಗಾಯವಾದ ಕಾಲಿನಿಂದ ಕೆಸರು ತುಳಿಯುವವರಿಗೆ ಇದು ಬೇಗನೆ ತಗಲುತ್ತದೆ. ಇದಲ್ಲದೆ ಇಲಿಯಿರುವಲ್ಲಿಗೆ ಹಾವು ಬರುತ್ತದೆ. ಕಟ್ಟುಹಾವು ರಾತ್ರಿಯಲ್ಲಿ ಮನೆಯೊಳಗೆ ಹೊಕ್ಕು ನೆಲದ ಮೇಲೆ ಮಲಗಿದವರನ್ನು ಕಚ್ಚುವದುಂಟು; ಅದರ ಕಡಿತದಲ್ಲಿ ನೋವೇ ಇಲ್ಲದ ಕಾರಣ ಅನೇಕರು ಕಚ್ಚಿದ್ದನ್ನೂ ಅರಿಯರು. ಕಟ್ಟಿಗೆಯ ರಾಶಿಯನ್ನು ಗೋಡೆಗೆ ಒರಗಿಸದೆ, ಮಲಗುವ ಸ್ಥಳದಿಂದ ದೂರವಾಗಿ, ಕಲ್ಲುಗಳ ಮೇಲೆ ಎತ್ತರಿಸಿ ಒಟ್ಟತಕ್ಕದ್ದು.

ಹಿತ್ತಲಿನಲ್ಲಿ ಬಿದ್ದಿರುವ ಚಿಪ್ಪು, ಒಡೆದ ಮಡಕೆ, ಹಳೇ ಟಾಯರುಗಳನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಡೆಂಗಿ ಜ್ವರವನ್ನು ತರುವ ಸೊಳ್ಳೆಗೆ ಅಂಗೈಯಷ್ಟು ನೀರು ಸಾಕು. ಮೊಟ್ಟೆಯಿಂದ ಸೊಳ್ಳೆಯಾಗುವದಕ್ಕೆ ಸುಮಾರು 8 ಅಥವಾ 10 ದಿನಗಳು ಸಾಕು. ಅದರ ಮೊಟ್ಟೆಗಳು ಪಾತ್ರೆಯ ಬದಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ಸಾಯುವದಿಲ್ಲ. ಆದದರಿಂದ ತೊಟ್ಟಿಯ ನೀರನ್ನು ವಾರಕ್ಕೊಮ್ಮೆ ಚೆಲ್ಲಿದರೆ ಸಾಲದು, ಬದಿಗಳನ್ನು ತಿಕ್ಕಬೇಕು. ಬೆಳೆಗೆ ಸಿಂಪಡಿಸುವ ವಿಷದ ಸೀಸೆಯು ಎಣ್ಣೆಯ ಸೀಸೆಯ ಪಕ್ಕದಲ್ಲಿರುವ ಮನೆಗಳು ಇನ್ನೂ ಇವೆ. ಉಳಿದ ವಿಷವನ್ನು ಪಾನಕದ ಸೀಸೆಗೆ ತುಂಬಿಡುವದಂತೂ ಎಷ್ಟು ಮಾತ್ರವೂ ಕೂಡದು.

ಇನ್ನು ಹಿರಿಯರ ವಸ್ತುಗಳು. ಹೊಸದಾಗಿ ಬಂದ ಸೊಸೆಯು ಅಚ್ಚುಕಟ್ಟಿನ ಆಶೆಯಿಂದ ಅತ್ತೆಯ ಗಂಟನ್ನು ಕೇಳದೆ ಹೊರಗೆ ಹಾಕಿದರೆ ಮನೆಯು ಚೊಕ್ಕಟವಾಗಬಹುದು, ಮನಸ್ಸುಗಳು ಚೊಕ್ಕಟವಾಗಿ ಉಳಿಯಲಾರವು. ಆ ಗಂಟಿನಲ್ಲಿ ಏನಿದೆಯೆಂದು ಅವಳಿಂದಲೇ ಹೇಳಿಸಿಕೊಳ್ಳುವದು ಉತ್ತಮ. ಸೋರೆಬುರುಡೆಯಲ್ಲಿ ಬೂದಿ ಬೆರಸಿ ಇಟ್ಟ ಬೀಜವು ಅದರಲ್ಲಿ ಇರಬಹುದು. ಈಗ ಯಾವ ಅಂಗಡಿಯಲ್ಲಿಯೂ ಸಿಕ್ಕದ ಅವರೆಯೋ ರಾಗಿಯೋ ಆಗಿರಬಹುದು. ಇದು ಮತ್ತೆ ದೊರೆಯದ ವಸ್ತುಗಳಲ್ಲಿ ಒಂದು. ಆದರೆ ಬೀಜವನ್ನು ಬುರುಡೆಯಲ್ಲಿಯೇ ಇಟ್ಟು ಪೂಜ್ಯವಾಗಿ ಕಾಯುವದರಿಂದ ಅದು ಉಳಿಯುವದಿಲ್ಲ. ಹಗೇವಿನ ರಾಗಿ ಅನೇಕ ವರುಷ ಊಟಕ್ಕೆ ಬರುತ್ತದಾದರೂ ಬೀಜದ ಜೀವವು ವರುಷದಿಂದ ವರುಷಕ್ಕೆ ಕುಂದುತ್ತಾ ಹೋಗುವದು. ಕೆಲವು ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮೊಳಕೆ ಬರುವದೋ ಎಂದು ಪರೀಕ್ಷಿಸಿ, ಬಂದರೆ ಈ ಮುಂಗಾರಿನಲ್ಲಿಯೇ ಹೊಲದ ಒಂದು ಮೂಲೆಗೆ ಬಿತ್ತಿರಿ.

ಕಳೆದುಹೋದ ನಾಣ್ಯದ ಸಾಮ್ಯವನ್ನು ಎಲ್ಲರೂ ಕೇಳಿದ್ದೀರಿ. ದೀಪ ಹಚ್ಚಿದ್ದನ್ನೂ ಮನೆ ಗುಡಿಸಿದ್ದನ್ನೂ ನಾವು ನೆನಸುತ್ತೇವೆ. ಆ ಸ್ತ್ರೀಗೆ ತನ್ನ ನಾಣ್ಯಗಳು ಹತ್ತು ಎಂದು ಗೊತ್ತಿತ್ತೆಂಬದನ್ನು ಮರೆಯುತ್ತೇವೆ. ಲೆಕ್ಕವು ತಿಳಿಯದಿದ್ದರೆ ಒಂದು ಹೋದದ್ದೂ ಅವಳಿಗೆ ತಿಳಿಯುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಇಂಥ ಲೆಕ್ಕವು ಎಲ್ಲಕ್ಕಿಂತ ಹೆಚ್ಚಾಗಿ ತಪ್ಪಿರುವದು ಕಾಗದಪತ್ರಗಳಲ್ಲಿಯೇ. ಯಜಮಾನನು ತೀರಿಕೊಂಡ ಮನೆಗೆ ಹೋದವರು ಇದನ್ನು ಕಂಡಿದ್ದಾರೆ. ಹೂಣಿಟ್ಟು ಬಂದ ವಾರದಲ್ಲಿಯೇ ಮಕ್ಕಳು ಹಾಸಿಗೆಯ ಅಡಿ, ಅಕ್ಕಿಯ ಡಬ್ಬಿ, ಗೋಡೆಯ ಗೂಡು ಎಲ್ಲವನ್ನೂ ತಡಕುತ್ತಾರೆ. ಎಲ್ಲಿಟ್ಟಿದ್ದೇನೆಂದು ಹೇಳಬಲ್ಲ ಒಬ್ಬನೇ ಮನುಷ್ಯನು ಮಣ್ಣಿನಲ್ಲಿದ್ದಾನೆ. ಕಾಗದ ಸಿಕ್ಕದಿದ್ದರೆ ಒಬ್ಬನು ಮತ್ತೊಬ್ಬನ ಮೇಲೆ ಸಂಶಯಪಡುತ್ತಾನೆ, ಅಣ್ಣತಮ್ಮಂದಿರ ವ್ಯಾಜ್ಯವು ಅಲ್ಲಿಂದಲೇ ಹುಟ್ಟುತ್ತದೆ.

ಇಲ್ಲಿಯೂ ಅದೇ ಪ್ರಶ್ನೆಯನ್ನು ಕೇಳತಕ್ಕದ್ದು. ಪಹಣಿಯು ಮತ್ತೆ ದೊರೆಯುವದು. 2000ದ ಸುಮಾರಿಗೆ ಪ್ರಾರಂಭವಾದ ಭೂಮಿ ಎಂಬ ಯೋಜನೆಯಿಂದ ಕರ್ನಾಟಕದ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಹೊಸ ಪ್ರತಿಯನ್ನು ಬೇಕಾದಾಗ ತೆಗೆದುಕೊಳ್ಳಬಹುದು. ಹಾಗಿರಲಾಗಿ ಹತ್ತು ವರುಷದ ಪಹಣಿಯ ಪ್ರತಿಗಳನ್ನು ಕಟ್ಟಿಡುವದರಿಂದ ಪ್ರಯೋಜನವು ಸ್ವಲ್ಪವೇ. ನೋಂದಾಯಿಸಿದ ಕ್ರಯಪತ್ರವು ಕಳೆದರೂ ಉಪನೋಂದಣಿ ಕಚೇರಿಯಿಂದ ದೃಢೀಕರಿಸಿದ ನಕಲು ಸಿಕ್ಕುವದು, ಓಡಾಟ ಮಾತ್ರ ಬಹಳ. ಆದರೆ ಸರಕಾರವು ಜಮೀನು ಮಂಜೂರು ಮಾಡಿದಾಗ ತಾತನಿಗೆ ಕೊಟ್ಟ ಸಾಗುವಳಿ ಚೀಟಿ? ಅದರ ಕಡತವು ಕಚೇರಿಯಲ್ಲಿ ಸಿಕ್ಕದಿದ್ದರೆ ಮನೆಯಲ್ಲಿರುವ ಮೂಲಪತ್ರವೇ ಆಧಾರ. ಮತ್ತು ಮರಣಶಾಸನ? ನಮ್ಮವರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಅದಕ್ಕೆ ಇಬ್ಬರು ಸಾಕ್ಷಿಗಳ ರುಜು ಬೇಕು, ನೋಂದಣಿ ಕಡ್ಡಾಯವಲ್ಲ. ನೋಂದಾಯಿಸದಿದ್ದರೆ ಅದರ ಪ್ರತಿಯು ಯಾವ ಕಚೇರಿಯಲ್ಲಿಯೂ ಇರುವದಿಲ್ಲ. ಅದನ್ನು ಯಾರಿಗೂ ತಿಳಿಯದ ಹಾಗೆ ಬಚ್ಚಿಡುವವನು ಬರೆಯದೇ ಇದ್ದವನಿಗೆ ಸಮಾನನು.

ಬೇಂಕಿನ ಪುಸ್ತಕವನ್ನೂ ಮರೆಯಬಾರದು. ಹತ್ತು ವರುಷ ಯಾರೂ ಮುಟ್ಟದ ಠೇವಣಿಯು 2014ರಿಂದ ರಿಸರ್ವ್ ಬೇಂಕಿನ ಒಂದು ನಿಧಿಗೆ ಹೋಗುತ್ತದೆ. ಹಣವು ಮುಳುಗಿತೆಂದಲ್ಲ; ಹಕ್ಕುದಾರರು ಬೇಂಕಿನಲ್ಲಿ ಕೇಳಿದರೆ ದೊರೆಯುವದು, ಹುಡುಕುವದಕ್ಕಾಗಿ 2023ರಲ್ಲಿ ಉದ್ಗಮ್ ಎಂಬ ಜಾಲತಾಣವನ್ನೂ ತೆರೆದಿದ್ದಾರೆ. ಆದರೆ ಇಂಥ ಖಾತೆ ಉಂಟೆಂದೇ ತಿಳಿಯದ ವಿಧವೆಯು ಏನನ್ನು ಕೇಳುವಳು?

ಸಭೆಯ ಹಿರಿಯರಿಗೂ ಒಂದು ಮಾತು. ಜನನ ಮರಣ ನೋಂದಣಿಯ ಕಾಯಿದೆಯು 1969ರದು. ಅದು ಹಳ್ಳಿಗಳಲ್ಲಿ ಬೇರೂರುವದಕ್ಕೆ ಮುಂಚೆ ಹುಟ್ಟಿದವರಲ್ಲಿ ಅನೇಕರ ವಯಸ್ಸಿಗೆ ದೇವಾಲಯದ ದೀಕ್ಷಾಸ್ನಾನದ ಪುಸ್ತಕದ ಹೊರತು ಬೇರೆ ಬರಹವಿಲ್ಲ. ಆ ಪುಸ್ತಕವು ಹಳೇ ಪಾಟುಪುಸ್ತಕಗಳ, ಉತ್ಸವದ ಬಣ್ಣದ ಕಾಗದಗಳ ಅಡಿಯಲ್ಲಿ ಒದ್ದೆ ಗೋಡೆಗೆ ಒರಗಿದ್ದರೆ ಅದಕ್ಕೆ ಕಪಾಟು ಬೇರೆ ಮಾಡಿರಿ.

ಕಾಗದವನ್ನು ಕಾಯುವ ವಿದ್ಯೆಯು ನಮ್ಮ ನಾಡಿಗೆ ಹೊಸದಲ್ಲ. ಓಲೆಗರಿಗಳಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಸವರಿ ಹುಳವನ್ನು ತಡೆಯುತ್ತಿದ್ದರು. ಹುಣಿಸೇಬೀಜದ ಅಂಟನ್ನೂ ಇದ್ದಲನ್ನೂ ಬಳಿದ ಬಟ್ಟೆಯ ಕಡತದಲ್ಲಿ ವರ್ತಕರು ಬಳಪದಿಂದ ಲೆಕ್ಕ ಬರೆದಿಡುತ್ತಿದ್ದರು. ಈಗ ಇಷ್ಟು ಮಾಡಿದರೆ ಸಾಕು: ಮುಚ್ಚಳವು ಬಿಗಿಯಾದ ಒಂದು ತಗಡಿನ ಪೆಟ್ಟಿಗೆ, ನೆಲದಿಂದ ಎರಡು ಮೊಳ ಎತ್ತರ, ಗೋಡೆಗೆ ತಗಲದಂತೆ. ಗುಂಡುಸೂಜಿಯನ್ನೂ ರಬ್ಬರನ್ನೂ ತೆಗೆದುಬಿಡಿರಿ. ಒಂದು ತುಕ್ಕು ಹಿಡಿಯುವದು, ಇನ್ನೊಂದು ಕರಗಿ ಅಂಟುವದು. ನೂಲಿನ ಪಟ್ಟಿಯಿಂದ ಸಡಿಲವಾಗಿ ಕಟ್ಟಿರಿ. ಬೇವಿನ ಎಲೆ ಹಾಕುವದಾದರೆ ಚೆನ್ನಾಗಿ ಒಣಗಿದ್ದನ್ನೇ ಹಾಕಿರಿ, ಹಸಿ ಎಲೆಯು ಬೂಷ್ಟು ತರುವದು. ಮೂಲಪತ್ರಗಳಿಗೆ ಪ್ಲಾಸ್ಟಿಕ್ ಹೊದಿಕೆಯನ್ನು ಕಾಯಿಸಿ ಅಂಟಿಸಬಾರದು, ಆಮೇಲೆ ಅದನ್ನು ಬಿಡಿಸುವದು ಅಸಾಧ್ಯ.

ಪೆಟ್ಟಿಗೆಯಲ್ಲಿ ಏನೇನಿದೆಯೆಂದು ಒಂದು ಪಟ್ಟಿಯನ್ನು ಬರೆದು ಮುಚ್ಚಳದ ಒಳಬದಿಗೆ ಅಂಟಿಸಿ, ಬೀಗದ ಕೈ ಇರುವ ಸ್ಥಳವನ್ನು ಹೆಂಡತಿಗೂ ಬೆಳೆದ ಮಕ್ಕಳಿಗೂ, ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ತಿಳಿಸಿರಿ. ಮುಂದಿನ ಬೇಸಗೆಯಲ್ಲಿ ಪೆಟ್ಟಿಗೆಯನ್ನು ತೆರೆದಾಗ ಆ ಪಟ್ಟಿಯನ್ನು ಮನೆಯಲ್ಲಿ ಓದಬಲ್ಲ ಚಿಕ್ಕ ಮಗುವಿನಿಂದ ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಿ, ಒಂದೊಂದನ್ನೂ ಎಣಿಸಿ ಒಳಗೆ ಇಡಿರಿ.