ಚರ್ಮ ತಿಳಿಯಾದ ಮೇಲೂ ತಪ್ಪಬಾರದ ಚುಚ್ಚುಮದ್ದು

ಮುಲಾಮು, ಬೆಳಕಿನ ಚಿಕಿತ್ಸೆ, ಮಿಥೊಟ್ರೆಕ್ಸೇಟ್ ಮಾತ್ರೆ ಇವಾವುದಕ್ಕೂ ಮಣಿಯದ ಸೋರಿಯಾಸಿಸ್ ಬಯಾಲಜಿಕ್ ಚುಚ್ಚುಮದ್ದಿನಿಂದ ಕೆಲವೇ ತಿಂಗಳುಗಳಲ್ಲಿ ಅಡಗಿ, ಹೊಪ್ಪಳೆ ಕಳಚಿ ಮೈ ನಿರ್ಮಲವಾಗುವುದು ಈಗ ಅಪೂರ್ವವಲ್ಲ. ಆದರೆ ಈ ಔಷಧಗಳು ವ್ಯಾಧಿಯನ್ನು ಶಮನಗೊಳಿಸತಕ್ಕವೇ ಹೊರತು ನಿರ್ಮೂಲ ಮಾಡತಕ್ಕವಲ್ಲವಾದುದರಿಂದ, ರೋಗಿಯ ನಿಜವಾದ ಪರೀಕ್ಷೆ ತೊಡಗುವುದು ಚರ್ಮ ತಿಳಿಯಾದ ಬಳಿಕವೇ. ಬ್ರಿಟನ್, ಡೆನ್ಮಾರ್ಕ್ ದೇಶಗಳಲ್ಲಿ ಇಂಥ ರೋಗಿಗಳ ದಾಖಲೆಯನ್ನು ವರ್ಷಗಟ್ಟಲೆ ಇಟ್ಟು ನೋಡಿದಾಗ, ಮೊದಲ ಔಷಧದಲ್ಲೇ ಉಳಿದವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕುಗ್ಗುವುದೂ, ಬಿಟ್ಟವರಲ್ಲಿ ಬಹುಮಂದಿಗೆ ಔಷಧದ ಗುಣ ಕುಂದಿದುದೇ ಕಾರಣವೆಂಬುದೂ, ಅಡಾಲಿಮುಮ್ಯಾಬ್ ಮುಂತಾದ ಹಳೆಯ ಔಷಧಗಳಿಗಿಂತ ಉಸ್ಟೆಕಿನುಮ್ಯಾಬ್ ಪಡೆದವರು ಹೆಚ್ಚು ಕಾಲ ಅದರಲ್ಲೇ ನಿಂತರೆಂಬುದೂ ತಿಳಿದುಬಂದಿತು. ನಮ್ಮಲ್ಲಿ ಇದಕ್ಕೆ ಹಣದ ಅಡಚಣೆಯೂ ಕೂಡಿಕೊಳ್ಳುತ್ತದೆ; ನಡುವೆ ನಿಲ್ಲಿಸಿದವರನ್ನೆಲ್ಲ ಅಲಕ್ಷ್ಯಗಾರರೆಂದು ಗದರುವುದು ನ್ಯಾಯವಲ್ಲ.

ಆದುದರಿಂದ ಮೊದಲು ಮಾಡತಕ್ಕದ್ದು ಲೆಕ್ಕಾಚಾರ. ಒಂದು ಚುಚ್ಚುಮದ್ದಿನ ಬೆಲೆಯನ್ನಲ್ಲ, ಇಡೀ ವರ್ಷದ ವೆಚ್ಚವನ್ನು ವೈದ್ಯರಲ್ಲಿ ಕೇಳಿ ತಿಳಿಯಬೇಕು. ಏಕೆಂದರೆ ಆರಂಭದಲ್ಲಿ ಡೋಸುಗಳು ಒತ್ತಾಗಿ ಬರುತ್ತವೆ. ಸೆಕುಕಿನುಮ್ಯಾಬನ್ನೇ ನೋಡಿದರೆ, ಮೊದಲು ವಾರಕ್ಕೊಂದರಂತೆ 5 ಸಲ, ಅನಂತರ 4 ವಾರಕ್ಕೊಮ್ಮೆ. ಬೆಂಗಳೂರಿನ ಬಯೋಕಾನ್ ಸಂಸ್ಥೆ 2013ರಲ್ಲಿ ಹೊರತಂದ ಇಟೊಲಿಜುಮ್ಯಾಬ್, ಭಾರತದಲ್ಲೇ ತಯಾರಾಗುವ, ಅಡಾಲಿಮುಮ್ಯಾಬನ್ನೇ ಹೋಲುವ ಔಷಧಗಳಾದ ಬಯೋಸಿಮಿಲರ್‌ಗಳು, ಇವುಗಳ ವಿಚಾರವನ್ನೂ ಆಗಲೇ ಎತ್ತುವುದು ಲೇಸು.

ಎರಡನೆಯದು ಕ್ಷಯದ ಪರೀಕ್ಷೆ; ಏಕೆಂದರೆ ಈ ಔಷಧಗಳಿಂದ ಅಡಗಿದ ಸೋಂಕು ಕೆರಳಬಹುದು. ಎದೆಯ ಎಕ್ಸ್‌ರೇ, ಮಾಂಟೂ ಅಥವಾ ರಕ್ತಪರೀಕ್ಷೆ, ಜೊತೆಗೆ ಹೆಪಟೈಟಿಸ್ ಬಿ ಮತ್ತು ಎಚ್‌ಐವಿ ತಪಾಸಣೆ ಆಗಲೇಬೇಕು. ದೇಹದಲ್ಲಿ ಕ್ಷಯ ಸುಪ್ತವಾಗಿದ್ದರೆ ಅದರ ಮಾತ್ರೆಗಳನ್ನು ಮೊದಲು ಆರಂಭಿಸಿ, ಸಾಮಾನ್ಯವಾಗಿ ತಿಂಗಳೊಂದು ಕಳೆದ ಮೇಲೆ ಚುಚ್ಚುಮದ್ದಿಗೆ ಕೈಹಾಕುತ್ತಾರೆ.

ಮುಂದೆ ದಿನಗಳ ನಿಗದಿ. ಆರಂಭದ ಡೋಸುಗಳು ಮುಗಿದಮೇಲೆ ಅಡಾಲಿಮುಮ್ಯಾಬ್ 2 ವಾರಕ್ಕೊಮ್ಮೆ, ಗುಸೆಲ್ಕುಮ್ಯಾಬ್ 8 ವಾರಕ್ಕೊಮ್ಮೆ, ಉಸ್ಟೆಕಿನುಮ್ಯಾಬ್ ಮತ್ತು ರಿಸಾಂಕಿಜುಮ್ಯಾಬ್ 12 ವಾರಕ್ಕೊಮ್ಮೆ. ಅಂತರ ದೀರ್ಘವಾದಷ್ಟೂ ಸೌಕರ್ಯ ಹೆಚ್ಚು, ಮರೆವೂ ಹೆಚ್ಚು. ಗೋಡೆಯ ಕ್ಯಾಲೆಂಡರಿನಲ್ಲಿ ವರ್ಷದ ದಿನಾಂಕಗಳನ್ನೆಲ್ಲ ಒಮ್ಮೆಗೇ ಗುರುತಿಸಿ, ಮನೆಯವರೊಬ್ಬರಿಗೂ ಹೇಳಿಡಬೇಕು. ಔಷಧವನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಇಡತಕ್ಕದ್ದು, ಫ್ರೀಜರಿನಲ್ಲಿ ಸರ್ವಥಾ ಇಡಕೂಡದು; ಅಂಗಡಿಯಿಂದ ತರುವಾಗ ಐಸ್‌ಪ್ಯಾಕ್ ಇಟ್ಟ ಡಬ್ಬಿ ಬೇಕು.

ಒಂದು ಡೋಸು ತಪ್ಪಿತೆಂದು ಮುಂದಿನ ಸಲ ಎರಡನ್ನು ಕೂಡಿಸಿ ಚುಚ್ಚಿಕೊಳ್ಳಬಾರದು. ಆಸ್ಪತ್ರೆಗೆ ಫೋನ್ ಮಾಡಿ ಕೇಳಬೇಕು. ಜ್ವರ, ಕೆಮ್ಮು, ಶಸ್ತ್ರಚಿಕಿತ್ಸೆ, ಗರ್ಭಧಾರಣೆಯ ಯೋಚನೆ, ಹೊಸ ಲಸಿಕೆ, ಇವುಗಳಲ್ಲಿ ಯಾವುದು ಎದುರಾದರೂ ಮುಂದಿನ ಡೋಸಿಗೆ ಮೊದಲೇ ವೈದ್ಯರಿಗೆ ತಿಳಿಸತಕ್ಕದ್ದು.

ಎಲ್ಲಕ್ಕಿಂತ ಕಠಿನವಾದುದು, ಮೈ ಗುಣವಾಯಿತೆಂಬ ಸಂತೋಷದಲ್ಲಿ ತಾನಾಗಿಯೇ ಅಂತರವನ್ನು ಹಿಗ್ಗಿಸುವ ಆಸೆಯನ್ನು ತಡೆಯುವುದು. ಹೀಗೆ ಬಿಟ್ಟು ಬಿಟ್ಟು ಪಡೆದಾಗ ದೇಹವು ಔಷಧದ ವಿರುದ್ಧವೇ ಪ್ರತಿಕಾಯಗಳನ್ನು ಸೃಷ್ಟಿಸಬಹುದು. ಇನ್ಫ್ಲಿಕ್ಸಿಮ್ಯಾಬಿನಲ್ಲಿ ಈ ಅಪಾಯ ವಿಶೇಷ, ಪುನಃ ಕೊಡುವಾಗ ಅಲರ್ಜಿಯೂ ತಲೆದೋರಬಹುದು. ಚರ್ಮ ಬಹುಕಾಲ ತಿಳಿಯಾಗಿದ್ದವರಿಗೆ ವೈದ್ಯರೇ ಅಂತರವನ್ನು ಕ್ರಮವಾಗಿ ಹಿಗ್ಗಿಸುವುದುಂಟು. ಅದು ಬೇರೆಯ ಮಾತು. ಹಣ ಸಾಲದೆ ನಿಲ್ಲಿಸಬೇಕಾಗಿ ಬಂದರೂ ಸಂಕೋಚಪಡದೆ ಮುಂಚಿತವಾಗಿಯೇ ಹೇಳಿದರೆ, ಬಯೋಸಿಮಿಲರಿಗೋ ಮಿಥೊಟ್ರೆಕ್ಸೇಟಿಗೋ ಬದಲಾಯಿಸಲು ಅವರಿಗೆ ಅವಕಾಶ ದೊರೆಯುತ್ತದೆ.